ಕುಂಕುಮ ಹಚ್ಚಿದ ಕೀಲುಗಳು

ಕಮಲಾಕರಾಚಾರಿ ಹೊಸ ಕೀಲುಗಳನ್ನು ತಂದು ಹನ್ನೆರಡು ದಿನವಾಗಿತ್ತು. ಹಿತ್ತಿಲ ಸೊಳ್ಳೆ ಬಾಗಿಲಿಗೆಂದು ಮೂರು ಸ್ಟೀಲ್ ಕೀಲು, ಅವಕ್ಕೆ ಬೇಕಾದ ತಿರುಪುಮೊಳೆ, ಎಲ್ಲ ಒಂದು ಕಾಗದದ ಪೊಟ್ಟಣದಲ್ಲಿ. ಕೈ ಪಳಗಿದವನಿಗೆ ಅರ್ಧ ಗಂಟೆಯ ಕೆಲಸ. ಹನ್ನೆರಡು ದಿನದಲ್ಲಿ ಅರ್ಧ ಗಂಟೆ ಸಿಗಲಿಲ್ಲವೇ ಎಂದು ನಗುವವರು ನಗಲಿ. ಮದರಾಸಿನ ಈ ತುದಿಯ ತಿರುವೊಟ್ಟಿಯೂರಿನಿಂದ ಆ ತುದಿಯ ಅಡ್ಯಾರಿನ ಆಸ್ಪತ್ರೆಗೆ, ದಾರಿಯುದ್ದಕ್ಕೂ ವಾಂತಿ ಮಾಡುವ ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಬಂದವರು ಯಾರೂ ನಗುವುದಿಲ್ಲ.

ಒಂದು ಭಾನುವಾರ ಬಿಡುವೇನೋ ಸಿಕ್ಕಿತ್ತು. ಅವತ್ತು ಮಹಾಲಯ ಅಮಾವಾಸ್ಯೆ. ಮದರಾಸಿನವರಿಗೆ ಅಮಾವಾಸ್ಯೆಯೆಂದರೆ ಒಳ್ಳೆಯ ದಿನ. ಮುಳಬಾಗಿಲಿನ ಕಡೆಯಿಂದ ಮದುವೆಯಾಗಿ ಬಂದ ನಾಗಮಣಿಗೆ ಇಪ್ಪತ್ತಾರು ವರ್ಷವಾದರೂ ಆ ಲೆಕ್ಕ ಒಗ್ಗಿರಲಿಲ್ಲ.

“ಅಮಾಸೆ ದಿವ್ಸ ಬಾಗ್ಲು ಬಿಚ್ತಾರೇನ್ರೀ? ಆಯುಧಪೂಜೆ ಕಳೀಲಿ. ವಿಜಯದಶಮಿ ಬೆಳಿಗ್ಗೆ ಕೈ ಹಾಕಿ, ಎಲ್ಲ ಸರಿಹೋಗುತ್ತೆ” ಎಂದಳು.

ಎಲ್ಲ ಎಂದರೆ ಬಾಗಿಲೊಂದೇ ಅಲ್ಲವೆಂದು ಅವನಿಗೆ ತಿಳಿಯದೆ ಇಲ್ಲ. ಪೊಟ್ಟಣವನ್ನು ಗೂಡಿನಲ್ಲಿಟ್ಟ.

ಆ ಬಾಗಿಲು ಕಮಲಾಕರನ ಅಪ್ಪ ಸದಾನಂದಾಚಾರಿ ಮಾಡಿದ್ದು. ರೈಲ್ವೆ ಕಾರ್ಖಾನೆಯಲ್ಲಿ ಬಡಗಿಯಾಗಿದ್ದ ಅವರು, ಕಳಚಿಹಾಕಿದ ಹಳೇ ಬೋಗಿಯ ತೇಗವನ್ನು ಹರಾಜಿನಲ್ಲಿ ತಂದು, ಚೌಕಟ್ಟು ಕಟ್ಟಿ, ತಂತಿಯ ಜಾಲರಿ ಬಿಗಿದು ನಿಲ್ಲಿಸಿದ್ದರು. ನಲವತ್ತು ವರ್ಷದಲ್ಲಿ ಜಾಲರಿ ಮೂರು ಸಲ ಬದಲಾಗಿತ್ತು, ಮರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೀಲುಗಳನ್ನು ಸಮುದ್ರದ ಉಪ್ಪುಗಾಳಿ ತಿಂದುಹಾಕಿತ್ತು. ಮೇಲಿನದು ಮುರಿದು ವರ್ಷವಾಗಿತ್ತು. ನಡುವಿನದು ಮುಟ್ಟಿದರೆ ಕೆಂಪು ಪುಡಿ ಉದುರಿಸುತ್ತಿತ್ತು. ಬಾಗಿಲು ಇಷ್ಟು ದಿನ ನಿಂತದ್ದು ಕೆಳಗಿನ ಒಂದೇ ಕೀಲಿನ ದಯೆಯಿಂದ.

ಅಪ್ಪ ತೀರಿಕೊಂಡ ಮೇಲೆ ಅದೇ ಕಾರ್ಖಾನೆಯಲ್ಲಿ ಕಮಲಾಕರನಿಗೆ ಕೆಲಸ ಸಿಕ್ಕಿತು. ಹೆಸರಿಗೆ ಕಾರ್ಪೆಂಟರ್. ಈಗಿನ ಬೋಗಿಗಳಲ್ಲಿ ಮರ ಎಲ್ಲಿದೆ? ಇಡೀ ದಿನ ಪ್ಲಾಸ್ಟಿಕ್ ಹಲಗೆಗೆ ಮಿಷನ್ನಿನಲ್ಲಿ ತಿರುಪು ಹೊಡೆಯುವುದೇ ಅವನ ಬಡಗಿತನ. ಅಪ್ಪನ ಉಳಿ, ಕೊಡತಿ, ತಿರುಪುಳಿ, ಗರಗಸ, ಬಾಚಿ ಎಲ್ಲ ತಗಡಿನ ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆ ಸುತ್ತಿಕೊಂಡು ಮಲಗಿರುತ್ತವೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಈಚೆ ಬರುತ್ತವೆ. ನೈವೇದ್ಯವಾದ ಮೇಲೆ ಮರುದಿನ ಬೆಳಿಗ್ಗೆ ಪುನಃಪೂಜೆ ಮಾಡಿ ಎತ್ತುವ ತನಕ ಅವನ್ನು ಯಾರೂ ಮುಟ್ಟಕೂಡದು. ಆಚಾರಿಗಳ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟುತ್ತಲೇ ಗೊತ್ತಿರುತ್ತದೆ.

ಈ ಸಲದ ಪೂಜೆ ನಡೆದದ್ದು ನಾಗಮಣಿಯ ಹಟದಿಂದ. ರಕ್ತದ ಕ್ಯಾನ್ಸರಿಗೆ ಮೂರನೇ ಸುತ್ತಿನ ಮದ್ದು ಏರಿಸಿ ಒಂದು ವಾರವಾಗಿತ್ತು. ಪ್ಲೇಟ್‌ಲೆಟ್ ಮೂವತ್ತು ಸಾವಿರಕ್ಕೆ ಇಳಿದಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಕಮಲಾಕರನನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ಮೆಲ್ಲಗೆ ಹೇಳಿದ್ದರು: ಈ ಹತ್ತು ದಿನ ಸೊಳ್ಳೆ ಕಚ್ಚಕೂಡದು. ನಿಮ್ಮ ಕಡೆ ಡೆಂಗಿ ಹರಡಿದೆ. ಈ ಸ್ಥಿತಿಯಲ್ಲಿ ಡೆಂಗಿ ಬಂದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅವರ ಬೀದಿಯಲ್ಲೇ ಮೂರು ಜನ ಡೆಂಗಿಯಲ್ಲಿ ಮಲಗಿದ್ದರು. ಪಕ್ಕದ ನಿವೇಶನದಲ್ಲಿ ಅರ್ಧಕ್ಕೆ ನಿಂತ ಕಟ್ಟಡ, ಅದರ ತಳದ ಗುಂಡಿಯಲ್ಲಿ ಮಂಡಿಯುದ್ದ ನೀರು. ಸೊಳ್ಳೆಬತ್ತಿ ಹಚ್ಚಿದರೆ ನಾಗಮಣಿಗೆ ಕೆಮ್ಮು. ಪ್ಲಗ್ಗಿಗೆ ಹಾಕುವ ಮದ್ದಿನ ವಾಸನೆಗೆ ವಾಂತಿ. ಮೈಗೆ ಮುಲಾಮು ಹಚ್ಚಿದರೆ ಗುಳ್ಳೆ. ಪರದೆ ಕಟ್ಟಿದ ಮೊದಲ ದಿನವೇ ಉಸಿರು ಕಟ್ಟಿತೆಂದು ಕಿತ್ತೆಸೆದಳು. ಉಳಿದದ್ದು ಕಿಟಕಿಯ ಜಾಲರಿ, ಹಿತ್ತಿಲಿಗಿದ್ದ ಈ ಒಂದೇ ಬಾಗಿಲು. ಕಕ್ಕಸು ಹಿತ್ತಿಲಿನ ಆಚೆ ಮೂಲೆಯಲ್ಲಿ. ಗಳಿಗೆಗೊಮ್ಮೆ ಹೋಗಬೇಕು, ಬರಬೇಕು. ಕೋಣೆಯಲ್ಲೇ ಬೇಸಿನ್ ಇಡುತ್ತೇನೆಂದರೆ ಕೇಳಲಿಲ್ಲ. “ಕಾಲು ಇರೋವರ್ಗೂ ನಡೀತೀನಿ. ನಿಮ್ ಕೈಲಿ ಅದನ್ನೆಲ್ಲ ಎತ್ತಿಸಲ್ಲ” ಎಂದಿದ್ದಳು.

ಇಂಥವಳು ಪೂಜೆಯ ದಿನ ಬೆಳಿಗ್ಗೆ ಬೋಳು ತಲೆಗೆ ಸೀರೆಯ ಸೆರಗನ್ನೇ ಹೊದ್ದು, ಗೋಡೆ ಹಿಡಿದುಕೊಂಡು ಬಂದು ಮಣೆಯ ಮೇಲೆ ಕೂತಳು. ಒಂದೊಂದು ಆಯುಧಕ್ಕೂ ತಾನೇ ಗಂಧ ಕುಂಕುಮ ಇಟ್ಟಳು. ಕಡಲೆಪುರಿ, ಬೆಲ್ಲ, ಬಾಳೆಹಣ್ಣು. ಮಂಗಳಾರತಿಯ ಹೊತ್ತಿಗೆ ಅವಳು ತುಟಿಯಲ್ಲೇ ಬೇಡಿಕೊಳ್ಳುತ್ತಿದ್ದದ್ದು ಕಮಲಾಕರನಿಗೆ ಕೇಳಿಸಿತು. “ತಾಯೀ, ಈ ಪೂಜೆ ಒಂದು ಕುಂದಿಲ್ದೆ ನಡೆಸ್ಕೊಡು. ನಾಳೆ ಬೆಳಿಗ್ಗೆ ಈ ಉಳೀನ ನನ್ನ ಕೈಯಾರೆ ಎತ್ತಿ ಅವರಿಗೆ ಕೊಡ್ತೀನಿ. ಅಷ್ಟು ಆದ್ರೆ ನೀನು ನನ್ನ ಉಳಿಸ್ದೆ ಅಂತ್ಲೇ ತಿಳ್ಕೊತೀನಿ.”

ಅದನ್ನು ಕೇಳಿದ ಗಳಿಗೆಯಲ್ಲೇ ಅವನೊಂದು ಕೆಲಸ ಮಾಡಿದ. ಗೂಡಿನಲ್ಲಿದ್ದ ಪೊಟ್ಟಣ ಬಿಚ್ಚಿ, “ಹೊಸ ಸಾಮಾನು, ಇದಕ್ಕೂ ಒಂದೊಂದು ಬೊಟ್ಟು ಇರ್ಲಿ” ಎಂದು ಮೂರು ಕೀಲನ್ನೂ ಉಳಿಯ ಪಕ್ಕ ಸಾಲಾಗಿ ಇಟ್ಟ. ನಾಗಮಣಿ ನಕ್ಕು ಅವಕ್ಕೂ ಕುಂಕುಮ ಹಚ್ಚಿದಳು. ಅವಳು ನಕ್ಕು ಎಷ್ಟೋ ದಿನವಾಗಿತ್ತು.

ಹನ್ನೊಂದು ಗಂಟೆಗೆ ಬಾಗಿಲು ಬಿತ್ತು.

ಹೊಟ್ಟೆ ತೊಳಸಿ ನಾಗಮಣಿ ಅವಸರದಲ್ಲಿ ತಳ್ಳಿದ್ದಳಂತೆ. ಕೆಳಗಿನ ಕೀಲು ಎರಡು ತುಂಡಾಗಿ, ಬಾಗಿಲು ಒಗೆಯುವ ಕಲ್ಲಿನ ಮೇಲೆ ದಢಾರೆಂದು ಮಗುಚಿಕೊಂಡಿತು. ಪುಣ್ಯಕ್ಕೆ ಅವಳ ಮೈಮೇಲೆ ಬೀಳಲಿಲ್ಲ. ಕಮಲಾಕರ ಓಡಿ ಬರುವಷ್ಟರಲ್ಲಿ ಖಾಲಿ ಚೌಕಟ್ಟಿನಲ್ಲಿ ಬಿಸಿಲು, ಗಾಳಿ, ಜೊತೆಗೆ ಕಾಲಿಗೆ ಬಿಳಿ ಪಟ್ಟೆಯ ಒಂದು ಸೊಳ್ಳೆ. ಹಗಲಲ್ಲೇ ಕಚ್ಚುವ ಜಾತಿ ಅದು. ಎರಡು ಕೈಯಿಂದ ಬಡಿದು ಕೊಂದ. ಬಾಗಿಲನ್ನೆತ್ತಿ ಚೌಕಟ್ಟಿಗೆ ಒತ್ತಿಹಿಡಿದ. ಆಮೇಲೆ ತಲೆ ತಿರುಗಿಸಿ ಪೂಜೆಯ ಕೋಣೆಯ ಕಡೆ ನೋಡಿದ. ಮೂರು ಹೊಸ ಕೀಲುಗಳು ಕುಂಕುಮ ಇಟ್ಟುಕೊಂಡು, ಹೂ ಮುಡಿದುಕೊಂಡು, ಮದುವೆಯ ಹೆಣ್ಣುಗಳ ಹಾಗೆ ಕೂತಿದ್ದವು. ಅವನ್ನು ಅಲ್ಲಿ ಕೂರಿಸಿದವನು ತಾನೇ. ಈ ಮಾತನ್ನು ಅವನು ಆ ದಿನ ನೂರು ಸಲ ನೆನೆದು ತನ್ನನ್ನು ತಾನೇ ಬೈದುಕೊಂಡ.

ಮಗಳು ಮಧುರಾ ಓಡಿ ಬಂದಳು. ಕಾಲೇಜಿನ ಎರಡನೇ ವರ್ಷದವಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳೇ.

“ಅಪ್ಪಾ, ಎಡುತ್ತುಡು ಪಾ. ಸಾಮಿ ಒಣ್ಣುಂ ಸೊಲ್ಲಾದು” ಎಂದಳು. ಎತ್ತಿಕೊಂಡುಬಿಡು, ದೇವರೇನೂ ಅನ್ನುವುದಿಲ್ಲ ಎಂದು.

ಅಷ್ಟರಲ್ಲಿ ಮಂಚಕ್ಕೆ ಮರಳಿದ್ದ ನಾಗಮಣಿಯ ದನಿ ಬಂತು. “ಮುಟ್ಟಿದ್ರೆ ನನ್ನಾಣೆ!” ಇಷ್ಟು ಸೊರಗಿದ ಮೈಯಲ್ಲಿ ಅಷ್ಟು ಜೋರಿನ ದನಿ ಎಲ್ಲಿತ್ತೋ.

ಮಧುರಾಳ ಕೈಗೆ ಬಾಗಿಲು ಕೊಟ್ಟು ಕಮಲಾಕರ ಬೀದಿಗಿಳಿದ. ಬೇರೆ ಕೀಲು, ಬೇರೆ ಉಳಿ ಸಿಕ್ಕರೆ ಆಣೆಯೂ ಉಳಿಯುತ್ತದೆ, ಬಾಗಿಲೂ ನಿಲ್ಲುತ್ತದೆ ಎಂಬ ಆಸೆ. ಇಡೀ ಊರೇ ಆಯುಧ ಕೆಳಗಿಟ್ಟು ಕೂತಿತ್ತು. ಅಂಗಡಿಗಳಿಗೆ ಬಾಳೆಕಂದು ಕಟ್ಟಿ ಶಟರ್ ಎಳೆದಿದ್ದರು. ರಸ್ತೆಯ ಮೇಲೆ ಒಡೆದ ಬೂದುಗುಂಬಳದ ಹೋಳುಗಳು, ಕುಂಕುಮದ ಕೆಸರು. ಹಾರ್ಡ್‌ವೇರ್ ಅಂಗಡಿಯವನ ಮನೆ ಮಹಡಿಯ ಮೇಲೆ. ಕಮಲಾಕರ ಕೆಳಗಿಂದ ಕೂಗಿ ಕರೆದು ಕೈಮುಗಿದ. ಅವನು ಬಾಲ್ಕನಿಯಿಂದಲೇ ಕೈಮುಗಿದು, ತಕ್ಕಡಿ ಸಮೇತ ಎಲ್ಲ ಪೂಜೆಯಲ್ಲಿದೆ, ನಾಳೆ ಬೆಳಿಗ್ಗೆ ಏಳಕ್ಕೆ ಮೊದಲ ಗಿರಾಕಿ ನೀವೇ ಸಾರ್ ಎಂದ. ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಮೊಬೈಲ್ ಅಂಗಡಿಯಲ್ಲಿ ಮಧುರಾ ಹುಡುಕಿದಳು. ಕಡಲೆಪುರಿ ಇತ್ತು, ಕರ್ಪೂರ ಇತ್ತು. ಬಾಗಿಲ ಕೀಲು ನಾಳೆ ಮಧ್ಯಾಹ್ನ.

ಕಡೆಗೆ ಅವನಿಗೆ ಹೊಳೆದದ್ದು ಖಾದರ್ ಭಾಯಿ. ರೈಲುಗೇಟಿನ ಆಚೆ ಅವನ ಮರಗೆಲಸದ ಶೆಡ್ಡು. ಅವನಿಗೆಲ್ಲಿಯ ಆಯುಧಪೂಜೆ ಎಂದುಕೊಂಡು ಅರ್ಧ ಓಡುತ್ತ ಹೋದ. ಶೆಡ್ಡಿನ ಬಾಗಿಲಲ್ಲೂ ಬಾಳೆಕಂದು. ಒಳಗೆ ಕೊರೆಯುವ ಮಿಷನ್ನಿನಿಂದ ಹಿಡಿದು ತಿರುಪುಳಿಯ ತನಕ ಎಲ್ಲಕ್ಕೂ ವಿಭೂತಿ ಪಟ್ಟೆ.

“ನನ್ನದಲ್ಲಪ್ಪ, ಕೆಲಸದವರದ್ದು” ಎಂದ ಖಾದರ್ ಭಾಯಿ ತಮಿಳಿನಲ್ಲಿ, ತಪ್ಪು ಮಾಡಿದವನ ಹಾಗೆ. “ಮೂವತ್ತು ವರ್ಷದಿಂದ ನಡೆದಿದೆ. ಪ್ರಸಾದಕ್ಕೆ ಹಂಚುವ ಕಡಲೆ ಸುಂಡಲ್ ನನ್ನ ಖರ್ಚು. ನಾನು ಇವತ್ತು ಒಂದು ಉಳಿ ಎತ್ತಿದರೆ ನಾಳೆ ಒಬ್ಬನಿಗೆ ಬೆರಳು ಕೊಯ್ದರೂ ನನ್ನ ತಲೆಗೇ ಬರುತ್ತದೆ. ಬೆಳಿಗ್ಗೆ ಆರಕ್ಕೆ ನಾನೇ ಬರುತ್ತೇನೆ, ದುಡ್ಡೂ ಬೇಡ.” ಕಮಲಾಕರ ಅಲ್ಲೇ ಮರದ ಹೊಟ್ಟಿನ ಮೇಲೆ ಕುಕ್ಕರಿಸಿ ಕೂತ. ಅವನಿಗೆ ಅಳು ಬಂತು, ಅತ್ತ. ಖಾದರ್ ಭಾಯಿ ನೀರು ತಂದುಕೊಟ್ಟು, ಅವನ ಬೆನ್ನು ಸವರುತ್ತ ನಿಂತ. ಎಲ್ಲರೂ ಒಳ್ಳೆಯವರೇ. ಎಲ್ಲರೂ ನಾಳೆ ಎನ್ನುವವರೇ.

ಮನೆಗೆ ಬಂದು ನೈಲಾನ್ ಹಗ್ಗವನ್ನು ಹಳೇ ತಿರುಪಿನ ತೂತುಗಳಲ್ಲಿ ಪೋಣಿಸಿ ಬಾಗಿಲು ಕಟ್ಟಲು ನೋಡಿದ. ತೇಗದ ಭಾರಕ್ಕೆ ಹಗ್ಗ ಜಗ್ಗಿ, ಮೇಲೆ ಮೂರು ಬೆರಳು ಸಂದು ಬಿಟ್ಟಿತು. ಎಳೆದು ಬಿಗಿದರೆ ಬಾಗಿಲು ತೆರೆಯದು. ನಾಲ್ಕು ಸಲ ಬಿಚ್ಚಿ ಕಟ್ಟಿದ. ಐದನೇ ಸಲ ಹಗ್ಗವನ್ನೆಸೆದು ನೇರ ಮಂಚದ ಮುಂದೆ ಹೋಗಿ ನಿಂತ.

“ನೋಡು ನಾಗೂ, ಹೇಳೋದು ಕೇಳು. ಅರ್ಧ ಗಂಟೆ. ಆಮೇಲೆ ಬೇಕಾದ್ರೆ ಮತ್ತೆ ತೊಳೆದು ಪೂಜೆಗಿಡ್ತೀನಿ.”

“ಬೇಡ್ರೀ.”

“ಸೊಳ್ಳೆ ಕಚ್ಚಿ ಡೆಂಗಿ ಬಂದ್ರೆ ನೀನು ಸಾಯ್ತೀಯ ಕಣೇ! ಡಾಕ್ಟ್ರು ಹೇಳಿದಾರೆ!”

ಹತ್ತು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು ಅದು. ಬೀದಿಯ ತನಕ ಕೇಳುವ ಹಾಗೆ ಅವನೇ ಕಿರುಚಿಬಿಟ್ಟಿದ್ದ. ಮಧುರಾ ಬಾಗಿಲು ಹಿಡಿದಲ್ಲೇ ಮುಖ ಆಚೆ ತಿರುಗಿಸಿದಳು. ನಾಗಮಣಿ ಒಂದು ಗಳಿಗೆ ಅವನನ್ನೇ ನೋಡಿ, “ಬೆಳಿಗ್ಗೆ ಆ ತಾಯಿ ಮುಂದೆ ಮಾತು ಕೊಟ್ಟಿದೀನಿ. ನನ್ ಹತ್ರ ಇನ್ನೇನ್ರೀ ಇದೆ ಕೊಡೋಕೆ? ಅದೊಂದ್ನ ಮುರೀಬೇಡಿ” ಎಂದು ಗೋಡೆಯ ಕಡೆ ಹೊರಳಿದಳು.

ಕಮಲಾಕರ ಹಿತ್ತಿಲಿಗೆ ಬಂದು ಮಗಳಿಂದ ಬಾಗಿಲನ್ನು ತೆಗೆದುಕೊಂಡ. ಆಗ ಮೂರು ಗಂಟೆ. ಬಾಗಿಲು ಹೊರಕ್ಕೆ ತೆರೆಯುವುದರಿಂದ ಹೊರಗೆ ನಿಂತು, ಕೀಲು ಇರಬೇಕಾದ ಕಡೆಯನ್ನು ಭುಜದಿಂದ ಒತ್ತಿ, ಎರಡು ಕೈಯಲ್ಲಿ ಚೌಕಟ್ಟಿಗೆ ಸರಿಯಾಗಿ ಕೂರಿಸಿ ಹಿಡಿದ. ನಾಗಮಣಿ ಎದ್ದು ಬಂದಾಗ ಬಾಗಿಲನ್ನು ಅವಳ ಮೈ ಹಿಡಿಯುವಷ್ಟೇ ತಿರುಗಿಸಿದ. ಅವಳು ದಾಟಿದ ಕೂಡಲೇ ಮುಚ್ಚಿದ. ಹಿತ್ತಿಲು ದಾಟುವಾಗ ಮಧುರಾ ಟವಲ್ ಬೀಸುತ್ತ ತಾಯಿಯ ಸುತ್ತ ನಡೆದಳು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮೊದಲ ಗಂಟೆಯಲ್ಲಿ ಮೂರು ಸಲ. ನಾಲ್ಕೂವರೆಗೆ ಭುಜ ಜೋಮು ಹಿಡಿಯಿತು. ಮಧುರಾ ತಾನು ಹಿಡಿಯುತ್ತೇನೆಂದರೆ ಬೇಡವೆಂದ. ಕೀಲು ಪೂಜೆಗೆ ಇಟ್ಟವನು ನಾನು, ಕೀಲಿನ ಕೆಲಸ ನಾನೇ ಮಾಡಬೇಕು ಎಂದು ತನಗೆ ತಾನೇ ಶಿಕ್ಷೆ ಹಾಕಿಕೊಂಡವನಂತೆ ಹಲ್ಲು ಕಚ್ಚಿ ನಿಂತ.

ನಿಂತವನಿಗೆ ಯೋಚನೆ ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಈ ಬಾಗಿಲಿನ ಜಾಲರಿಯ ಹಿಂದೆಯೇ ಅವಳನ್ನು ಹೊಸದಾಗಿ ನೋಡಿದ್ದು. ಮದುವೆಯಾಗಿ ಬಂದ ವಾರ, ಇಪ್ಪತ್ತಮೂರು ವರ್ಷದ ಹೆಣ್ಣು, ಬೀದಿಯ ನಲ್ಲಿಯಲ್ಲಿ ತಮಿಳು ಬಾರದೆ ಕೊಡದ ಸರದಿ ಕಳೆದುಕೊಂಡು ಬಂದು, ಇಲ್ಲೇ ಒಳಗೆ ನಿಂತು ಅತ್ತಿದ್ದಳು. ಆರು ತಿಂಗಳಲ್ಲಿ ಅದೇ ನಲ್ಲಿಯಲ್ಲಿ ಎಲ್ಲರಿಗೂ ಸರದಿ ಹಚ್ಚುವವಳಾದಳು. ಅತ್ತೆ ಮಾವ ಇಬ್ಬರ ಕೊನೆಗಾಲದ ಸೇವೆ ಮಾಡಿದಳು. ತನಗೆಂದು ದೇವರ ಹತ್ತಿರ ಏನೂ ಕೇಳಿದವಳಲ್ಲ. ಇವತ್ತು ಮೊದಲ ಸಲ ಕೇಳಿದ್ದಳು. ಆ ದೇವತೆಯ ಮೇಲೆ ಕಮಲಾಕರನಿಗೆ ಮೈಯೆಲ್ಲ ಉರಿಯುವಷ್ಟು ಕೋಪ ಬಂತು. ಹೆಂಗಸಿನ ಜೀವಕ್ಕಿಂತ ನಿನಗೆ ಒಂದು ದಿನದ ಕುಂಕುಮ ಹೆಚ್ಚಾಯಿತೇ ಎಂದು ಮನಸ್ಸಿನಲ್ಲೇ ಜಗಳ ತೆಗೆದ. ಅವಳು ಒಂದು ಮಾತು ಹೂಂ ಅನ್ನಲಿ, ಒಂದೇ ಒಂದು ಮಾತು, ಓಡಿಹೋಗಿ ಉಳಿ ಎತ್ತುತ್ತೇನೆ ಎಂದುಕೊಂಡ.

ಐದೂವರೆ ದಾಟಿತು. ಬೆಳಕು ಆರುವ ಮುಂಚಿನ ಈ ಹೊತ್ತಿಗೇ ಆ ಪಟ್ಟೆಯ ಸೊಳ್ಳೆಗಳಿಗೆ ಹಸಿವು ಜಾಸ್ತಿ. ಪಕ್ಕದ ಗುಂಡಿಯಿಂದ ಒಂದೊಂದಾಗಿ ಬಂದು ಜಾಲರಿಯ ಮೇಲೆ ಕೂರತೊಡಗಿದವು. ಒಳಗೆ ಮಧುರಾ ದೀಪ ಹಚ್ಚಿದಳು. ಆ ಬೆಳಕಿನಲ್ಲಿ ನಾಗಮಣಿ ಎದ್ದು ಬರುವುದು ಕಂಡಿತು. ಕಕ್ಕಸಿಗಿರಬೇಕೆಂದು ಅವನು ಬಾಗಿಲು ಸರಿಸಲು ಅಣಿಯಾದ. ಅವಳ ಕೈಯಲ್ಲಿ ತಟ್ಟೆಯಿತ್ತು. ತಟ್ಟೆಯಲ್ಲಿ ಅಪ್ಪನ ಉಳಿ, ಕೊಡತಿ, ತಿರುಪುಳಿ, ಮೂರು ಕೀಲು. ಒಂದು ಕೀಲಿನ ಕುಂಕುಮವನ್ನು ಆಗಲೇ ಸೆರಗಿನಿಂದ ಒರೆಸಿದ್ದಳು.

“ತಗೊಳ್ರೀ” ಎಂದಳು ಜಾಲರಿಯ ಆಚೆಯಿಂದ. “ಎಷ್ಟೊತ್ತು ನಿಂತ್ಕೊತೀರ ಹಿಂಗೆ? ನಿಮ್ ಕೈ ನಡುಗ್ತಿದೆ, ಒಳಗಿಂದ ಕಾಣ್ತಿದೆ ನನ್ಗೆ. ಹಾಕ್ಬಿಡಿ. ನನ್ಗಿನ್ಯಾಕೆ ಅದೆಲ್ಲ.”

ಮಧ್ಯಾಹ್ನದಿಂದ ಅವನು ಕಾದದ್ದು ಇದೇ ಮಾತಿಗೆ. ಮಾತು ಬಂತು, ಅವನ ಕೈ ಮುಂದೆ ಹೋಗಲಿಲ್ಲ.

ನನ್ಗಿನ್ಯಾಕೆ. ಹತ್ತು ತಿಂಗಳಲ್ಲಿ ಈ ಮಾತನ್ನು ಅವಳು ಆಡಿರಲಿಲ್ಲ. ಬೆನ್ನುಮೂಳೆಗೆ ಸೂಜಿ ಚುಚ್ಚಿದಾಗ ಆಡಲಿಲ್ಲ. ತಲೆಗೂದಲು ದಿಂಬಿನ ಮೇಲೆ ಉಂಡೆ ಉಂಡೆಯಾಗಿ ಉಳಿದಾಗ ಆಡಲಿಲ್ಲ. ಆಗೆಲ್ಲ ಗೌರಿಹಬ್ಬ ಬರಲಿ, ದಸರಾ ಬರಲಿ, ವಿಜಯದಶಮಿ ಬರಲಿ ಎಂದು ಒಂದೊಂದೇ ದಿನವನ್ನು ಹಿಡಿದು ದಾಟಿದ್ದಳು. ಈಗ ತಾನು ಗೆದ್ದೆನೆಂದು ಆ ಉಳಿಯನ್ನು ಈಸಿಕೊಂಡರೆ, ಬಾಗಿಲೇನೋ ನಿಲ್ಲುತ್ತದೆ. ಅವಳಿಗೆ ನಾಳೆ ಬೆಳಿಗ್ಗೆ ಏಳಲು ಏನಿರುತ್ತದೆ? ಕಮಲಾಕರನಿಗೆ ಸೊಳ್ಳೆಗಿಂತ ಹೆಚ್ಚಿನ ಭಯವಾಯಿತು.

“ವಾಪಸ್ ಇಡು” ಎಂದ.

“ರೀ...”

“ಇಡು ನಾಗೂ. ಒರೆಸಿದ್ದಕ್ಕೆ ಮತ್ತೆ ಕುಂಕುಮ ಹಚ್ಚು. ನಾನು ಮುಟ್ಟಲ್ಲ. ಬೆಳಿಗ್ಗೆ ನೀನೇ ಸ್ನಾನ ಮಾಡಿ, ಪುನಃಪೂಜೆ ಮಾಡಿ, ನಿನ್ ಕೈಯಾರೆ ಎತ್ತಿ ಕೊಡ್ಬೇಕು ನನ್ಗೆ. ನೀನು ಕೊಡೋವರ್ಗೂ ನಾನು ಈ ಬಾಗ್ಲು ಬಿಡಲ್ಲ. ಏನಂದ್ಕೊಂಡಿದೀಯ? ನಾನೂ ಆಚಾರಿ ಮಗನೇ.”

ನಾಗಮಣಿ ತಟ್ಟೆ ಹಿಡಿದು ನಿಂತೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ತಿರುಗಿದಳು. ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ನಡೆದು ಹೋದಳು. ತಟ್ಟೆಯಲ್ಲಿ ಕೀಲುಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಆಮೇಲೆ ಕುಂಕುಮದ ಭರಣಿಯ ಮುಚ್ಚಳ ತೆಗೆದ ಸದ್ದು.

ಮಧುರಾಳ ಕೈಯಲ್ಲಿ ಕುರ್ಚಿ ತರಿಸಿಕೊಂಡು ಅವಳು ಮತ್ತೆ ಬಂದಳು. ಜಾಲರಿಯ ಒಳಗಡೆ ಕುರ್ಚಿ ಹಾಕಿಸಿ, ಬಾಗಿಲ ಕೆಳಗಿನ ಅಡ್ಡಪಟ್ಟಿಗೆ ತನ್ನ ಪಾದ ಆನಿಸಿ ಕೂತಳು. ಭಾರವೇನೂ ಕಡಿಮೆಯಾಗಲಿಲ್ಲ. ಕಮಲಾಕರ ಆ ಪಾದವನ್ನೇ ನೋಡಿದ. ಬಾತುಕೊಂಡಿತ್ತು, ಕಾಲುಂಗುರ ಬಿಗಿದು ಬೆರಳು ನೀಲಿಯಾಗಿತ್ತು.

ಅಷ್ಟರಲ್ಲಿ ಅವನ ಹಿಮ್ಮಡಿಯ ಮೇಲೆ ಒಂದು ಸೊಳ್ಳೆ ಕೂತು ಚುಚ್ಚಿತು. ಇನ್ನೊಂದು ಮೊಣಕೈಯ ಹಿಂದೆ. ಕೊಡವಿದರೆ ಬಾಗಿಲು ಸರಿದು ಸಂದು ಬಿಡುತ್ತದೆ. ಕುಡಿಯಲಿ, ಇಲ್ಲಿ ಹೊಟ್ಟೆ ತುಂಬಿದ್ದು ಒಳಗೆ ಹೋಗುವುದಿಲ್ಲ ಎಂದುಕೊಂಡು ಅಲ್ಲಾಡದೆ ನಿಂತ.

“ಸೊಳ್ಳೆ ಕಚ್ತಿದೆಯೇನ್ರೀ?” ಎಂದು ನಾಗಮಣಿ ಕೇಳಿದಳು.

“ಇಲ್ಲ ಕಣೇ. ಒಂದೂ ಇಲ್ಲ.”

ಮಣಲಿಯ ಕಡೆ ಎಣ್ಣೆ ಕಾರ್ಖಾನೆಯ ಚಿಮಣಿಯ ಬೆಂಕಿ ಆಕಾಶಕ್ಕೆ ಹೊಳೆಯತೊಡಗಿತು.

“ಬೆಳಿಗ್ಗೆ ಐದಕ್ಕೇ ಎಬ್ಸಿ ನನ್ನ” ಎಂದಳು ನಾಗಮಣಿ. “ನೀರು ಕಾಯೋಕೆ ಹೊತ್ತಾಗುತ್ತೆ.”

ಕಮಲಾಕರ ಹೂಂ ಎಂದ. ಕಣ್ಣು ಒರೆಸಿಕೊಳ್ಳಬೇಕಾಗಿತ್ತು, ಎರಡು ಕೈಯೂ ಬಾಗಿಲ ಮೇಲಿದ್ದವು.